ಸ್ಲೈಡಿನಲ್ಲಿ ಹುಳು ಕಂಡಿತು, ಸರಿ. ಯಾವ ಹುಳು?

ನಮ್ಮ ಜಿಲ್ಲೆಯಲ್ಲಿ ಉಣುಗಿನ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ ಉಣುಗು ಅಂದರೆ ಜ್ವರ ಅನ್ನೋದು ಇಲ್ಲಿನ ಮಕ್ಕಳಿಗೂ ಗೊತ್ತು. ನಾಯಿ ಎರಡು ದಿನ ಊಟ ಬಿಟ್ಟರೆ ಸಾಕು, "ಟಿಕ್ ಫೀವರ್ ಇರ್ಬೇಕು ಮೇಡಂ" ಅಂತ ಮನೆಯವರೇ ರೋಗ ಪತ್ತೆ ಮಾಡಿಕೊಂಡು ಬರುತ್ತಾರೆ. ಬಹಳ ಸಲ ಅವರು ಹೇಳಿದ್ದು ಸರಿಯಾಗಿಯೂ ಇರುತ್ತದೆ. ಸೊಳ್ಳೆಯ ವಿಷಯಕ್ಕೆ ಬಂದರೆ ಮಾತ್ರ ಕಥೆ ಬೇರೆ. ಸೊಳ್ಳೆ ಕಚ್ಚೋದು ಮನುಷ್ಯರಿಗೆ, ಹೆಚ್ಚೆಂದರೆ ಕೊಟ್ಟಿಗೆಯ ದನಕ್ಕೆ ಅನ್ನೋದು ಜನರ ಲೆಕ್ಕ. ಕೊಟ್ಟಿಗೆಯಲ್ಲಿ ಸಂಜೆ ಹೊಗೆ ಹಾಕುತ್ತಾರೆ, ಮನೆಯೊಳಗೆ ಸೊಳ್ಳೆಪರದೆ ಕಟ್ಟುತ್ತಾರೆ, ನಾಯಿ ಮಾತ್ರ ಅಂಗಳದ ತುದಿಯಲ್ಲಿ, ಬಚ್ಚಲ ನೀರು ಹರಿಯುವ ಕಡೆ ಮಲಗಿರುತ್ತದೆ. ಸೊಳ್ಳೆಯಿಂದ ಅದಕ್ಕೆ ಹಾರ್ಟ್‌ವರ್ಮ್, ಅಂದರೆ ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುವ ಹುಳು, ಬರಬಹುದು ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ.

ರಿಪ್ಪನ್‌ಪೇಟೆಯ ಕಡೆ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಇಂಟರ್ನ್‌ಶಿಪ್ ಮಾಡುವ ಹುಡುಗ ಹುಡುಗಿಯರು ಆಗಾಗ ಬಂದು ಕೆಲವು ದಿನ ಇದ್ದು ಹೋಗುತ್ತಾರೆ. ಓದಿನಲ್ಲಿ ಚುರುಕು. ಹಾರ್ಟ್‌ವರ್ಮ್ ಜೀವನಚಕ್ರ ಹೇಳು ಅಂದರೆ ಒಂದೇ ಉಸಿರಿಗೆ ಹೇಳುತ್ತಾರೆ: ಡೈರೋಫೈಲೇರಿಯಾ ಇಮ್ಮಿಟಿಸ್, ಸೊಳ್ಳೆಯೊಳಗೆ ಮೂರನೇ ಹಂತದ ಲಾರ್ವಾ, ನಾಯಿಯೊಳಗೆ ಬಂದ ಮೇಲೆ ನಾಲ್ಕನೇ ಹಂತ, ಆಮೇಲೆ ಶ್ವಾಸಕೋಶದ ಅಪಧಮನಿ, ಆರೇಳು ತಿಂಗಳಿಗೆ ರಕ್ತದಲ್ಲಿ ಮರಿ. ಎಲ್ಲ ಸರಿ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ನಾಯಿಯ ರಕ್ತದ ಹನಿ ಹಾಕಿದ ಒಂದು ಹಸಿ ಸ್ಲೈಡ್ ಇಟ್ಟು ಕೂರಿಸುತ್ತೇನೆ. ಕೆಂಪು ರಕ್ತಕಣಗಳ ಗುಂಪು ಇದ್ದಕ್ಕಿದ್ದ ಹಾಗೆ ಒಂದು ಕಡೆ ಅಲುಗಾಡುತ್ತದೆ, ಯಾರೋ ಒಳಗಿಂದ ತಳ್ಳಿದ ಹಾಗೆ ಸರಿಯುತ್ತದೆ, ನಡುವೆ ಕೂದಲೆಳೆಯಂಥದ್ದೊಂದು ಹೊರಳಾಡುತ್ತಾ ಇರುತ್ತದೆ. ಮೊದಲ ಸಲ ನೋಡಿದವರ ಬಾಯಿಂದ ಒಂದು "ಅಯ್ಯೋ" ಬಂದೇ ಬರುತ್ತದೆ. ಅದರ ಬೆನ್ನಿಗೇ ಉತ್ತರ: "ಹಾರ್ಟ್‌ವರ್ಮ್ ಮೇಡಂ!"

ಈ ಬರಹವೆಲ್ಲ ಆ ಉತ್ತರದ ಮೇಲಿನ ನನ್ನ ತಕರಾರು.

ಅಮೆರಿಕದಲ್ಲಿ ಕೂತವರು ಹಾಗೆ ಹೇಳಿದರೆ ತಪ್ಪುವ ಸಾಧ್ಯತೆ ಕಡಿಮೆ. ಅಲ್ಲಿನ ನಾಯಿಯ ರಕ್ತದಲ್ಲಿ ಮೈಕ್ರೋಫೈಲೇರಿಯಾ, ಅಂದರೆ ಇಂಥ ಹುಳುಗಳ ಸೂಕ್ಷ್ಮ ಮರಿಗಳು, ಕಂಡರೆ ಮುಖ್ಯವಾಗಿ ಎರಡು ಗುಮಾನಿ, ಒಂದೋ ಹಾರ್ಟ್‌ವರ್ಮ್, ಇಲ್ಲವೇ ಚಿಗಟದಿಂದ ಬರುವ, ಅಷ್ಟೇನೂ ತೊಂದರೆ ಕೊಡದ ಅಕಾಂತೋಕೀಲೋನೀಮಾ ರೆಕಾಂಡಿಟಮ್. ನಮ್ಮಲ್ಲಿ ಈ ಇಬ್ಬರ ಜೊತೆ ಮೂರನೆಯವನೂ ಇದ್ದಾನೆ, ಡೈರೋಫೈಲೇರಿಯಾ ರೆಪೆನ್ಸ್. ಇವನೂ ಸೊಳ್ಳೆಯಿಂದಲೇ ಬರುವವನು, ಆದರೆ ಹೃದಯದ ಕಡೆ ತಲೆ ಹಾಕುವುದಿಲ್ಲ. ಚರ್ಮದ ಕೆಳಗೆ ವಾಸ. ಅಲ್ಲೊಂದು ಇಲ್ಲೊಂದು ಗಂಟು, ಸ್ವಲ್ಪ ತುರಿಕೆ, ಎಷ್ಟೋ ನಾಯಿಗಳಲ್ಲಿ ಅದೂ ಇಲ್ಲ. ಇಮ್ಮಿಟಿಸ್, ಅಂದರೆ ನಿಜವಾದ ಹಾರ್ಟ್‌ವರ್ಮ್, ನಮ್ಮ ದೇಶದಲ್ಲಿ ಹೆಚ್ಚಾಗಿ ವರದಿಯಾಗಿರುವುದು ಈಶಾನ್ಯ ರಾಜ್ಯಗಳಿಂದ. ಕೇರಳ, ಕರಾವಳಿಯ ಕಡೆ ರೆಪೆನ್ಸ್‌ನದ್ದೇ ಕಾರುಬಾರು. ಘಟ್ಟ ಹತ್ತಿದರೆ ಮಲೆನಾಡು, ಹುಳುವಿಗೆ ಘಾಟಿಯಲ್ಲಿ ಚೆಕ್‌ಪೋಸ್ಟ್ ಇಲ್ಲ.

ಆದ್ದರಿಂದ ಇಲ್ಲಿ ಮೈಕ್ರೋಫೈಲೇರಿಯಾ ಕಂಡರೆ ಅದು ಉತ್ತರವಲ್ಲ, ಪ್ರಶ್ನೆ.

ಒಂದು ನಾಯಿಯ ವಿಷಯ ಹೇಳುತ್ತೇನೆ. ಹೊಸನಗರದ ಕಡೆಯ ಅಡಿಕೆ ತೋಟದ ನಾಯಿ, ಹೆಸರು ಕರಿಯ, ವಯಸ್ಸಾಗಿತ್ತು. ಕರೆದುಕೊಂಡು ಬಂದ ಹೆಗಡೆಯವರು ಹೇಳಿದ್ದು ಇಷ್ಟು: "ಮೊದಲು ಮಂಗ ಬಂತು ಅಂದ್ರೆ ತೋಟದ ಆ ಗಡಿ ತನಕ ಅಟ್ಟಿಸಿಕೊಂಡು ಹೋಗ್ತಿತ್ತು ಮೇಡಂ. ಈಗ ಅರ್ಧ ದಾರಿಗೆ ಕೂತ್ಕಳ್ತದೆ. ಕೂತು ಕೆಮ್ತದೆ. ಮಂಗಕ್ಕೂ ಗೊತ್ತಾಗಿ ಹೋಗಿದೆ ಮಾರಾಯ್ರೆ." ಪುಸ್ತಕದಲ್ಲಿ 'ವ್ಯಾಯಾಮ ಸಹಿಸದಿರುವಿಕೆ' ಅಂತ ಇರುವ ಲಕ್ಷಣ ಇದೇ. ನಮ್ಮ ಕಡೆ ಯಾರೂ ನಾಯಿಗೆ ವ್ಯಾಯಾಮ ಮಾಡಿಸುವುದಿಲ್ಲ, ಹಾಗಾಗಿ ಆ ಪ್ರಶ್ನೆ ಕೇಳಿದರೆ ಏನೂ ಸಿಗುವುದಿಲ್ಲ. ಮಂಗ ಓಡಿಸುತ್ತದಾ, ಬೈಕಿನ ಹಿಂದೆ ಎಲ್ಲಿ ತನಕ ಬರುತ್ತದೆ, ತೋಟದಿಂದ ಮೆಟ್ಟಿಲು ಹತ್ತಿ ಬರುವಾಗ ನಡುವೆ ನಿಲ್ಲುತ್ತದಾ ಅಂತ ಕೇಳಿ. ಹತ್ತು ನಿಮಿಷ ಮಾತಾಡುತ್ತಾರೆ.

ಕರಿಯನ ರಕ್ತದ ಹನಿಯಲ್ಲಿ ಮೈಕ್ರೋಫೈಲೇರಿಯಾ ಇತ್ತು. ಕೆಮ್ಮು, ಸುಸ್ತು, ರಕ್ತದಲ್ಲಿ ಹುಳು, ಪರೀಕ್ಷೆಯಲ್ಲಾದರೆ ಇಷ್ಟಕ್ಕೇ ಅಂಕ ಸಿಕ್ಕಿಬಿಡುತ್ತಿತ್ತು. ಆಗ ಇದ್ದ ಇಂಟರ್ನ್ ಹುಡುಗಿಗೆ, "ನಾಟ್ಸ್ ಮಾಡು" ಅಂದೆ.

ರಕ್ತದಲ್ಲಿರುವ ಮರಿಗಳನ್ನು ಒಟ್ಟುಮಾಡಿ ಗುರುತಿಸುವ ಮಾಡಿಫೈಡ್ ನಾಟ್ಸ್ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತ 1 ಮಿಲಿ, 2 ಪರ್ಸೆಂಟ್ ಫಾರ್ಮಲಿನ್ 9 ಮಿಲಿ. ಟ್ಯೂಬನ್ನು ನಿಧಾನಕ್ಕೆ ತಲೆಕೆಳಗು ಮಾಡುತ್ತಾ ಬೆರೆಸಿದರೆ ರಕ್ತಕಣಗಳು ಒಡೆದು ದ್ರಾವಣ ಕೆಂಪು ಶರಬತ್ತಿನ ಬಣ್ಣಕ್ಕೆ ತಿಳಿಯಾಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ನಿಮಿಷಕ್ಕೆ 1500 ಸುತ್ತಿನ ಹಾಗೆ ಐದು ನಿಮಿಷ. ಮೇಲಿನ ನೀರು ಚೆಲ್ಲಿ, ತಳದ ಗಸಿಗೆ ಒಂದು ಹನಿ ಮೆಥಿಲೀನ್ ಬ್ಲೂ, ಸ್ಲೈಡಿಗೆ ಹಾಕಿ ನೋಡುವುದು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಿದು, ಅದಕ್ಕೇ ಕೈಯಲ್ಲಿ ತಿರುಗಿಸುವ ಹಳೆಯ ಸೆಂಟ್ರಿಫ್ಯೂಜನ್ನು ನಾನು ಇನ್ನೂ ಗುಜರಿಗೆ ಹಾಕಿಲ್ಲ.

ಎಡವುವ ಜಾಗ ಫಾರ್ಮಲಿನ್. ಅಂಗಡಿಯಿಂದ ಬರುವ ಬಾಟಲಿಯಲ್ಲಿ ಇರುವುದು 37ರಿಂದ 40 ಪರ್ಸೆಂಟ್ ಫಾರ್ಮಾಲ್ಡಿಹೈಡ್. ಲೆಕ್ಕದಲ್ಲಿ ಜಾಣರಾದವರು ಅದನ್ನು 2 ಪರ್ಸೆಂಟ್ ಫಾರ್ಮಾಲ್ಡಿಹೈಡ್‌ಗೆ ಇಳಿಸಲು ಹೋಗುತ್ತಾರೆ. ಬೇಕಾದ್ದು ಅದಲ್ಲ. ಬಾಟಲಿಯ ದ್ರಾವಣವನ್ನೇ ನೂರು ಅಂತ ಹಿಡಿದು, ಅದರ 2 ಮಿಲಿಗೆ 98 ಮಿಲಿ ಡಿಸ್ಟಿಲ್ಡ್ ವಾಟರ್. ಸಲೈನ್ ಹಾಕಿದರೆ ರಕ್ತಕಣ ಒಡೆಯುವುದಿಲ್ಲ, ಗಸಿಯೆಲ್ಲ ಕೆಂಪು ಮುದ್ದೆಯಾಗುತ್ತದೆ. ಇನ್ನೊಂದು ಕಾರಣಕ್ಕೂ ಇದು ಮುಖ್ಯ: ಪುಸ್ತಕದಲ್ಲಿರುವ ಅಳತೆಗಳು ಈ 2 ಪರ್ಸೆಂಟ್‌ನಲ್ಲಿ ಗಟ್ಟಿಯಾದ ಹುಳುಗಳವು. ಬೇರೆ ದ್ರಾವಣದಲ್ಲಿ ಉದ್ದ ಬದಲಾಗುತ್ತದೆ, ಆಮೇಲೆ ಹೋಲಿಸಿ ಪ್ರಯೋಜನವಿಲ್ಲ.

ಈಗ ನೋಡಬೇಕಾದ್ದು ತಲೆ, ಬಾಲ, ಉದ್ದ. ಇಮ್ಮಿಟಿಸ್ ಆದರೆ ತಲೆಯ ಕಡೆ ಸಪೂರವಾಗುತ್ತಾ ಹೋಗಿರುತ್ತದೆ, ಬಾಲ ನೆಟ್ಟಗೆ, ಉದ್ದ 300 ಮೈಕ್ರಾನ್ ಆಸುಪಾಸು. ರೆಪೆನ್ಸ್ ಅದಕ್ಕಿಂತ ಉದ್ದ, 350ರ ಮೇಲೂ ಹೋಗುತ್ತದೆ, ತಲೆ ಮೊಂಡು. ರೆಕಾಂಡಿಟಮ್ ಮೂವರಲ್ಲಿ ಗಿಡ್ಡ, ಮೈ ಸಪೂರ, ತಲೆ ಮೊಂಡು, ಬಾಲ ಬಹಳ ಸಲ ಕೊಕ್ಕೆಯ ಹಾಗೆ ಬಾಗಿರುತ್ತದೆ. ಹಸಿ ಸ್ಲೈಡಿನಲ್ಲೂ ಒಂದು ಸುಳಿವು ಸಿಗುತ್ತದೆ: ಡೈರೋಫೈಲೇರಿಯಾ ಇದ್ದಲ್ಲೇ ಹೊರಳಾಡುತ್ತದೆ, ರೆಕಾಂಡಿಟಮ್ ಸರಸರ ಜಾರಿ ದೃಷ್ಟಿಯಿಂದ ಹೊರಗೆ ಹೋಗುತ್ತದೆ. ಇದು ಸುಳಿವು ಮಾತ್ರ. ಉದ್ದ ಅಳೆಯಲು ಕಣ್ಣಿನ ಮಸೂರದೊಳಗೆ ಮೈಕ್ರೋಮೀಟರ್ ಬೇಕು. ಅದನ್ನು ಸ್ಟೇಜ್ ಮೈಕ್ರೋಮೀಟರ್ ಇಟ್ಟು ಸರಿಹೊಂದಿಸಿರಬೇಕು. ಕಾಲೇಜಿನಲ್ಲಿ ಇದನ್ನು ಒಮ್ಮೆ ಮಾಡಿ ಜರ್ನಲ್‌ಗೆ ಸಹಿ ಹಾಕಿಸಿಕೊಂಡು ಮರೆತಿರುತ್ತಾರೆ. ದಯವಿಟ್ಟು ಮರೆಯಬೇಡಿ, ಹೊಟ್ಟೆಪಾಡಿಗೆ ಬರುವ ವಿದ್ಯೆ ಅದು.

ಕರಿಯನ ಹುಳುಗಳ ತಲೆ ಮೊಂಡು, ಅಳೆದದ್ದೆಲ್ಲ ಉದ್ದ. ರೆಪೆನ್ಸ್. ಹಾಗಾದರೆ ಕೆಮ್ಮು ಎಲ್ಲಿಂದ? ಶಿವಮೊಗ್ಗಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದಾಗ ಹೃದಯದ ಎಡಭಾಗ ಊದಿತ್ತು. ಹಾರ್ಟ್‌ವರ್ಮ್ ಕೆಡಿಸುವುದು ಬಲಭಾಗವನ್ನು, ಶ್ವಾಸಕೋಶದ ಅಪಧಮನಿಗಳನ್ನು. ಎಡಭಾಗ ದೊಡ್ಡದಾಗಿ, ಸ್ಟೆಥಾಸ್ಕೋಪ್‌ನಲ್ಲಿ ಎಡಗಡೆ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳುತ್ತಿದೆ ಅಂದರೆ ಅದು ಮುದಿ ನಾಯಿಗಳ ಮೈಟ್ರಲ್ ಕವಾಟದ ಕಾಯಿಲೆ. ಅದಕ್ಕೆ ಮದ್ದು ಫ್ಯೂರೋಸೆಮೈಡ್, ಪೈಮೋಬೆಂಡಾನ್. ಹುಳುವಿಗೂ ಕೆಮ್ಮಿಗೂ ಸಂಬಂಧವೇ ಇರಲಿಲ್ಲ. ಒಂದೇ ಮನೆಯಲ್ಲಿ ಬಾಡಿಗೆಗಿದ್ದವು, ಅಷ್ಟೆ.

ಹುಡುಗಿ ಕೇಳಿದಳು, "ಮೇಡಂ, ಕಿಟ್ ಇದ್ದಿದ್ದರೆ ಇಷ್ಟು ಕಷ್ಟ ಬೇಕಿರಲಿಲ್ಲ ಅಲ್ವಾ?"

ಆಂಟಿಜೆನ್ ಕಿಟ್ ಒಳ್ಳೆಯ ಸಾಧನ, ಕೈಗೆ ಸಿಕ್ಕಿದರೆ ಖಂಡಿತ ಬಳಸಿ. ಆದರೆ ಅದು ಹುಡುಕುವುದು ಪ್ರಾಯದ ಹೆಣ್ಣು ಹಾರ್ಟ್‌ವರ್ಮ್ ರಕ್ತಕ್ಕೆ ಬಿಡುವ ಅಂಶವನ್ನು, ಅಂದರೆ ಆಂಟಿಜೆನ್ ಅನ್ನು. ನಾಯಿಯೊಳಗೆ ಬರೀ ಗಂಡು ಹುಳುಗಳಿದ್ದರೆ ಕಿಟ್ ಬಾಯಿ ಬಿಡುವುದಿಲ್ಲ. ಸೋಂಕು ತಗುಲಿ ಐದಾರು ತಿಂಗಳು ಆಗದಿದ್ದರೂ ಇಲ್ಲ. ಹಾಗಾಗಿ ನಾಲ್ಕು ತಿಂಗಳ ಮರಿಗೆ ಈ ಪರೀಕ್ಷೆ ಮಾಡಿ ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ. ಕೆಲವು ನಾಯಿಗಳಲ್ಲಿ ಆಂಟಿಜೆನ್ ಪ್ರತಿಕಾಯಗಳ ಜೊತೆ ಗಂಟುಬಿದ್ದು ಅಡಗಿರುತ್ತದೆ. ಸೀರಮ್ಮನ್ನು ಕಾಯಿಸಿ ಆ ಗಂಟು ಬಿಡಿಸುವ ಕ್ರಮ ಇದೆ. ಆದರೆ ಹಾಗೆ ಕಾಯಿಸಿದಾಗ ರೆಪೆನ್ಸ್ ಕೂಡ ಪಾಸಿಟಿವ್ ತೋರಿಸಬಹುದು. ಅನ್ನನಾಳದಲ್ಲಿ ಗಂಟು ಕಟ್ಟುವ ಸ್ಪೈರೋಸರ್ಕಾ ಲೂಪಿ ಕೂಡ ಅಡ್ಡ ಬರಬಹುದು, ಸಗಣಿ ಹುಳು ತಿಂದು ಓಡಾಡುವ ನಮ್ಮ ಹಳ್ಳಿ ನಾಯಿಗಳಿಗೆ ಅದೇನೂ ದೂರದ ನೆಂಟನಲ್ಲ. ಅದಕ್ಕೇ ಆಂಟಿಜೆನ್ ಮತ್ತು ಮೈಕ್ರೋಫೈಲೇರಿಯಾ, ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನುವುದು.

ಇಷ್ಟು ರಗಳೆ ಯಾಕೆ, ಯಾವ ಹುಳುವಾದರೇನು, ಒಂದು ಐವರ್‌ಮೆಕ್ಟಿನ್ ಚುಚ್ಚಿಬಿಟ್ಟರಾಯಿತು ಅನ್ನುವವರು ನಮ್ಮ ವೃತ್ತಿಯಲ್ಲೇ ಬೇಕಾದಷ್ಟು ಇದ್ದಾರೆ. ಇಲ್ಲಿ ನನಗೆ ಸಿಟ್ಟು ಬರುತ್ತದೆ. ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ತಂದ ಮದ್ದು ಅದು, ಮದ್ದಿನ ತಪ್ಪೇನಿಲ್ಲ. ಲೆಕ್ಕ ನೋಡಿ. ಹಾರ್ಟ್‌ವರ್ಮ್ ತಡೆಯಲು ತಿಂಗಳಿಗೊಮ್ಮೆ ಬೇಕಾದ್ದು ಕೆಜಿಗೆ 6 ಮೈಕ್ರೋಗ್ರಾಂ, 10 ಕೆಜಿ ನಾಯಿಗೆ 60 ಮೈಕ್ರೋಗ್ರಾಂ. ದನಕ್ಕೆ ಕೊಡುವ 1 ಪರ್ಸೆಂಟ್ ಇಂಜೆಕ್ಷನ್‌ನಲ್ಲಿ ಅದು 0.006 ಮಿಲಿ. ಸಾಮಾನ್ಯ ಇನ್ಸುಲಿನ್ ಸಿರಿಂಜಿನ ಅತಿ ಸಣ್ಣ ಗೆರೆಯೂ ಅದಕ್ಕಿಂತ ದೊಡ್ಡದು. ಊರಲ್ಲಿ ಉಣುಗಿಗೆ, ಕಜ್ಜಿಗೆ ಅಂತ ಅದೇ ನಾಯಿಗೆ ಹಾಕುವುದು 0.2 ಮಿಲಿ, ಅಂದರೆ ಮೂವತ್ತು ಪಟ್ಟಿಗೂ ಮೇಲೆ. ರಕ್ತದ ತುಂಬ ಮೈಕ್ರೋಫೈಲೇರಿಯಾ ಇರುವ ನಾಯಿಗೆ ಇದನ್ನು ಕೊಟ್ಟರೆ ಮರಿಗಳು ಒಟ್ಟಿಗೇ ಸತ್ತು, ಕೆಲವೇ ಗಂಟೆಗಳಲ್ಲಿ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ, ವಸಡು ಬಿಳಚಿಕೊಂಡು ಕುಸಿಯಬಹುದು. ಕೋಲೀ ತಳಿ, ಅದರ ಮಿಶ್ರಣಗಳಾದರೆ ಇನ್ನೊಂದು ಅಪಾಯ: ಅವುಗಳಲ್ಲಿ ಎಂಡಿಆರ್1 ಜೀನ್‌ನ ದೋಷ ಇದ್ದರೆ ಮದ್ದು ಮಿದುಳಿಗೆ ನುಗ್ಗುತ್ತದೆ. ಕೆಜಿಗೆ 6 ಮೈಕ್ರೋಗ್ರಾಂ ಅವಕ್ಕೂ ಸುರಕ್ಷಿತ, ಆ 0.2 ಮಿಲಿಯಲ್ಲಿ ಬರುವ ಕೆಜಿಗೆ 200 ಅಲ್ಲ. ಮೊದಲು ಒಂದು ಹನಿ ರಕ್ತ ನೋಡಿ, ಸಿರಿಂಜ್ ಆಮೇಲೆ ತುಂಬಿ.

ತಿಂಗಳ ಮಾತ್ರೆಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲೇ ಇದೆ. ಅದು ಮುಂದಿನ ಮೂವತ್ತು ದಿನ ಬೇಲಿ ಹಾಕುತ್ತದೆ ಅಂದುಕೊಂಡಿರುತ್ತಾರೆ. ಕೆಲಸ ಮಾಡುವುದು ಹಿಮ್ಮುಖವಾಗಿ. ಹಿಂದಿನ ಒಂದು ತಿಂಗಳಲ್ಲಿ ಒಳಗೆ ಬಂದ ಮೂರನೇ, ನಾಲ್ಕನೇ ಹಂತದ ಲಾರ್ವಾಗಳನ್ನು ಅದು ಕೊಲ್ಲುತ್ತದೆ. ಎರಡು ತಿಂಗಳು ತಪ್ಪಿದರೆ ಅವು ಎಳೆಯ ಹುಳುಗಳಾಗಿ ಬೆಳೆದಿರುತ್ತವೆ, ಆಮೇಲೆ ಆ ಪ್ರಮಾಣಕ್ಕೆ ಬಗ್ಗುವುದಿಲ್ಲ. "ಮಳೆಗಾಲದಲ್ಲಿ ಮಾತ್ರ ಕೊಟ್ಟರೆ ಸಾಕಲ್ವಾ" ಅಂತ ಕೇಳುವವರಿಗೆ ನಮ್ಮ ತೋಟವೇ ಉತ್ತರ. ಸೊಳ್ಳೆಯೊಳಗೆ ಲಾರ್ವಾ ಬೆಳೆಯಲು ಸುಮಾರು 14 ಡಿಗ್ರಿ ದಾಟಿದ ಶಾಖ ಬೇಕು. 27 ಡಿಗ್ರಿಯಲ್ಲಿ ಎರಡು ವಾರದೊಳಗೆ ಕೆಲಸ ಮುಗಿಯುತ್ತದೆ. ಚಳಿಗಾಲದ ನಮ್ಮ ಬೆಳಗುಗಳು ಎಷ್ಟೇ ನಡುಗಿಸಲಿ, ಮಧ್ಯಾಹ್ನ ಬಿಸಿಲು ಬಂದೇ ಬರುತ್ತದೆ. ತೋಟದಲ್ಲಿ ಬಿದ್ದ ಒಂದು ಅಡಿಕೆ ಹಾಳೆಯೊಳಗೆ ಬಗ್ಗಿ ನೋಡಿ: ಬೊಗಸೆಯಷ್ಟು ಕಂದು ನೀರು, ಅದರಲ್ಲಿ ತಲೆಕೆಳಗಾಗಿ ನೇತಾಡುವ, ನೆರಳು ಬಿದ್ದ ಕೂಡಲೇ ಕುಣಿಯುತ್ತಾ ತಳಕ್ಕಿಳಿಯುವ ಸೊಳ್ಳೆ ಮರಿಗಳು. ಕಪ್ಪು ಬಿಳಿ ಪಟ್ಟೆಯ ಈಡಿಸ್ ಆಲ್ಬೊಪಿಕ್ಟಸ್‌ಗೆ ಇಷ್ಟು ನೀರು ಧಾರಾಳ. ಅದು ಹಗಲಲ್ಲೇ ಕಚ್ಚುತ್ತದೆ, ಹಾರ್ಟ್‌ವರ್ಮ್ ಹೊರಲೂ ಶಕ್ತ. ಬಚ್ಚಲ ಗುಂಡಿಯ ಕ್ಯೂಲೆಕ್ಸ್ ರಾತ್ರಿ ಪಾಳಿ ನೋಡಿಕೊಳ್ಳುತ್ತದೆ. ತಟ್ಟೆ ಮಾಡುವವರು ಹಾಳೆ ಕೊಂಡುಕೊಂಡು ಹೋಗಲು ಶುರುಮಾಡಿದ ಮೇಲೆ ಕೆಲವು ತೋಟ ಸ್ವಚ್ಛವಾಗಿವೆ, ಪಶುವೈದ್ಯರಿಗೆ ಸಿಕ್ಕ ಬಿಟ್ಟಿ ಸಹಾಯ.

ನಿಜವಾಗಿಯೂ ಇಮ್ಮಿಟಿಸ್ ಅಂತ ಖಚಿತವಾದರೆ? ಪುಸ್ತಕದ ಮೊದಲ ಆಯ್ಕೆ ಮೆಲಾರ್ಸೊಮಿನ್, ಸೊಂಟದ ಸ್ನಾಯುವಿನ ಆಳಕ್ಕೆ, ಒಂದು ಸಲ ಕೊಟ್ಟು ತಿಂಗಳು ಬಿಟ್ಟು ಮತ್ತೆರಡು ಸಲ ದಿನ ಬಿಡದೆ. ಅದಕ್ಕೂ ಮುಂಚೆ ಡಾಕ್ಸಿಸೈಕ್ಲಿನ್ ಕೆಜಿಗೆ 10 ಮಿಲಿಗ್ರಾಂ, ದಿನಕ್ಕೆರಡು ಸಲ, ನಾಲ್ಕು ವಾರ, ಹುಳುವಿನೊಳಗಿನ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಸಾಯಲು. ಮೆಲಾರ್ಸೊಮಿನ್ ನಮ್ಮ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಮದ್ದಲ್ಲ. ಸಿಗದಿದ್ದಾಗ ಡಾಕ್ಸಿಸೈಕ್ಲಿನ್ ಜೊತೆ ತಿಂಗಳು ತಿಂಗಳು ಮಾಕ್ಸಿಡೆಕ್ಟಿನ್ ಕೊಡುವ ನಿಧಾನದ ದಾರಿ ಇದೆ. ಹುಳು ಸಾಯಲು ಬಹಳ ತಿಂಗಳು ಹಿಡಿಯುತ್ತದೆ, ಅಷ್ಟೂ ಕಾಲ ಅಪಧಮನಿ ಹಾಳಾಗುತ್ತಲೇ ಇರುತ್ತದೆ, ಅದಕ್ಕೇ ಇದನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಹಿಡಿಯುವುದು. ಯಾವ ದಾರಿಯಾದರೂ ನಾಯಿಯನ್ನು ಓಡಲು ಬಿಡುವಂತಿಲ್ಲ. ಸತ್ತ ಹುಳುವಿನ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವಾಗ ಓಟವೇ ಪ್ರಾಣಕ್ಕೆ ಮುಳುವು. ತೋಟದ ನಾಯಿಯನ್ನು ತಿಂಗಳುಗಟ್ಟಲೆ ಕಟ್ಟಿಹಾಕಿ ಅಂತ ಹೇಳಿ ಒಪ್ಪಿಸುವುದು ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಮನೆಯ ಅಜ್ಜಿಯನ್ನು ಒಪ್ಪಿಸಿದರೆ ಅರ್ಧ ಗೆದ್ದ ಹಾಗೆ, ಮಂಗ ಓಡಿಸಲು ಪಟಾಕಿ ಹೊಡೆದುಕೊಳ್ಳುತ್ತಾರೆ.

ಕಾಫಿ ಬಣ್ಣದ ಮೂತ್ರ ಬಂದರೆ ನಾವೆಲ್ಲ ಉಣುಗಿನಿಂದ ಬರುವ ಬಬೇಸಿಯಾ ಅಂದುಕೊಳ್ಳುತ್ತೇವೆ, ಉಣುಗಿನ ನಾಡಲ್ಲಿ ಅದು ಸಹಜ. ಆದರೆ ಅದರ ಜೊತೆಗೆ ನಾಯಿ ಇದ್ದಕ್ಕಿದ್ದಂತೆ ಕುಸಿದು, ಉಸಿರಿಗೆ ಒದ್ದಾಡುತ್ತಾ, ಬಲಗಡೆ ಹೊಸ ಮರ್ಮರ್ ಕೇಳಿದರೆ ಹುಳುಗಳ ಗುಂಪು ಹೃದಯಕ್ಕೆ ರಕ್ತ ತರುವ ಮಹಾಭಿಧಮನಿಯ ಬಾಯಿಗೆ ಬಂದು ಕೂತಿರಬಹುದು. ಅದು ಕೇವಲ್ ಸಿಂಡ್ರೋಮ್, ಮದ್ದಿಗೆ ಕಾಯುವುದಿಲ್ಲ, ಕುತ್ತಿಗೆಯ ರಕ್ತನಾಳದ ಮೂಲಕ ಹುಳು ಎಳೆದು ತೆಗೆಯಬೇಕಾಗುತ್ತದೆ.

"ನಮಗೂ ಬರ್ತದಾ ಡಾಕ್ಟ್ರಮ್ಮ?" ಅಂತ ಎಲ್ಲರೂ ಕೇಳುತ್ತಾರೆ. ನಾಯಿ ಮುಟ್ಟಿದರೆ ಬರುವುದಿಲ್ಲ, ಸೊಳ್ಳೆ ಕಚ್ಚಿದರೆ ಬರಬಹುದು. ರೆಪೆನ್ಸ್ ಕಣ್ಣಿನ ಬಿಳಿಪದರದ ಕೆಳಗೆ ಹರಿದಾಡಿ, ಕಣ್ಣಿನ ಡಾಕ್ಟರು ಹೊರಗೆಳೆದ ಪ್ರಕರಣಗಳು ಕೇರಳದಿಂದಲೂ ನಮ್ಮ ಕರಾವಳಿಯಿಂದಲೂ ವರದಿಯಾಗಿವೆ. ಇಮ್ಮಿಟಿಸ್ ಮನುಷ್ಯರ ಶ್ವಾಸಕೋಶದಲ್ಲಿ ನಾಣ್ಯದಂಥ ಗಂಟು ಮಾಡಿ, ಎಕ್ಸ್‌ರೇಯಲ್ಲಿ ಗೆಡ್ಡೆಯೇ ಅಂತ ಹೆದರಿಸಿದ್ದೂ ಇದೆ.

ಓದಲು ಏನು ಅಂತ ಕೇಳುವ ಇಂಟರ್ನ್‌ಗಳಿಗೆ: 1974ರಲ್ಲಿ ಶುರುವಾದ ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಮಾರ್ಗಸೂಚಿ ಉಚಿತವಾಗಿ ಸಿಗುತ್ತದೆ, ನಾಯಿಗೆ ಬೇರೆ, ಬೆಕ್ಕಿಗೆ ಬೇರೆ. ಚಿಕಿತ್ಸೆಯ ದಿನಚರಿ ಅದರಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ನಾನು ಓದಿಲ್ಲ. ಆದರೆ ಅದನ್ನು ಓದುವಾಗ ರೆಪೆನ್ಸ್ ಇಲ್ಲದ ಊರಿನವರು ಬರೆದದ್ದು ಅನ್ನುವುದು ತಲೆಯಲ್ಲಿರಲಿ. ನಮ್ಮಂಥ ಉಷ್ಣವಲಯಕ್ಕೆ ಅಲ್ಲಿನ ಸಾಕುಪ್ರಾಣಿ ಪರಾವಲಂಬಿಗಳ ತಜ್ಞರ ಮಂಡಳಿ ಟ್ರೊಕ್ಯಾಪ್‌ನ ಮಾರ್ಗಸೂಚಿ ಹತ್ತಿರ, ಅದೂ ಉಚಿತ. ರೆಪೆನ್ಸ್ ಬಗ್ಗೆ ಯುರೋಪಿನ ಅಂಥದ್ದೇ ಮಂಡಳಿ ಎಸ್‌ಕ್ಯಾಪ್‌ನವರದ್ದು ನೋಡಿ. ಮೆರ್ಕ್ ಮ್ಯಾನ್ಯುಯಲ್ ಅಂತೂ ಫೋನಿನಲ್ಲೇ ತೆರೆಯುತ್ತದೆ. ಕಂಪನಿಗಳವರು ಹೋಟೆಲಿನಲ್ಲಿ ಊಟ ಹಾಕಿಸಿ ತೋರಿಸುವ ಸ್ಲೈಡುಗಳು ಕೊನೆಯಲ್ಲಿರಲಿ. ಊಟ ಚೆನ್ನಾಗಿರುತ್ತದೆ.

ಇದರ ಜೊತೆಗೆ ಸಾಧ್ಯವಾದಾಗಲೆಲ್ಲ ಪೋಸ್ಟ್‌ಮಾರ್ಟಮ್ ಮಾಡಿ. ನಮ್ಮ ಕಡೆ ಸತ್ತ ನಾಯಿಯನ್ನು ತೆಂಗಿನ ಬುಡಕ್ಕೆ ಹೂಳುತ್ತಾರೆ, ಕೊಯ್ಯಲು ಕೇಳುವುದಕ್ಕೆ ಬಾಯಿ ಬರುವುದಿಲ್ಲ, ನನಗೂ. ಆದರೂ ಕೆಲವರು ಒಪ್ಪುತ್ತಾರೆ. ಬಲ ಹೃತ್ಕುಕ್ಷಿಯಿಂದ ಕತ್ತರಿ ಹಾಕಿ, ಶ್ವಾಸಕೋಶದ ಅಪಧಮನಿಯ ಗುಂಟ ಕವಲುಗಳ ತನಕ ಸೀಳಿಕೊಂಡು ಹೋಗಿ. ಹೆಣ್ಣು ಹುಳು 25ರಿಂದ 30 ಸೆಂಟಿಮೀಟರ್, ಇದ್ದರೆ ತಪ್ಪಿಹೋಗುವ ಮಾತೇ ಇಲ್ಲ. ಏನೂ ಇಲ್ಲದಿದ್ದರೆ 'ಇಲ್ಲ' ಅಂತಲೂ ಬರೆದಿಡಿ. ಈ ತಾಲೂಕಿನಲ್ಲಿ ಇಮ್ಮಿಟಿಸ್ ಎಷ್ಟಿದೆ ಅನ್ನುವ ಪ್ರಶ್ನೆಗೆ ಆ 'ಇಲ್ಲ'ಗಳೂ ಬೇಕು. ಹಾಗೆಯೇ ಇನ್ನೊಂದು ನಾಯಿಗೆ ರಕ್ತ ಕೊಡುವ ನಾಯಿಯನ್ನೂ ಮೊದಲು ಪರೀಕ್ಷಿಸಿ. ರಕ್ತದ ಜೊತೆ ಮೈಕ್ರೋಫೈಲೇರಿಯಾ ದಾಟುತ್ತದೆ. ಸೊಳ್ಳೆಯೊಳಗೆ ಹೋಗಿ ಬರದೆ ಅದು ದೊಡ್ಡ ಹುಳುವಾಗುವುದಿಲ್ಲ ನಿಜ, ಆದರೆ ಮುಂದೆ ಸ್ಲೈಡ್ ನೋಡುವವರನ್ನು ದಾರಿ ತಪ್ಪಿಸುತ್ತದೆ.

ಸುತ್ತಮುತ್ತ ಇರುವ ಸಹೋದ್ಯೋಗಿಗಳು ಸ್ಯಾಂಪಲ್ ಕಳಿಸುವುದಾದರೆ ಕಳಿಸಿ, ನೋಡಿ ಹೇಳುತ್ತೇನೆ. ರಕ್ತ ಸಂಜೆಯ ಮೇಲೆ ತೆಗೆದದ್ದಾದರೆ ಒಳ್ಳೆಯದು, ಮರಿಗಳು ಹೊರನಾಳಗಳಿಗೆ ಹೆಚ್ಚಾಗಿ ಬರುವ ಹೊತ್ತು ಅದು. ಇಡಿಟಿಎ ಟ್ಯೂಬ್, ಐಸ್ ಪ್ಯಾಕ್ ಜೊತೆ, ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಬೇಡಿ. ಟ್ಯೂಬಿನ ಮೇಲೆ ನಾಯಿಯ ಹೆಸರು, ಊರು, ರಕ್ತ ತೆಗೆದ ಗಂಟೆ, ಮತ್ತೆ ಈಚೆಗೆ ಐವರ್‌ಮೆಕ್ಟಿನ್ ಕೊಟ್ಟಿದ್ದರೆ ಯಾವತ್ತು, ಎಷ್ಟು ಅಂತ ಬರೆಯಿರಿ. ಬಾಲ್‌ಪೆನ್ ಬೇಡ, ಮಾರ್ಕರ್‌ನಲ್ಲಿ.